ತಂದೆಯ ತೊಟ್ಟಿ, ಮಗನ ಮಣ್ಣು

ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಹಿಡಿಯುವುದು 40 ಲೀಟರ್ ನೀರು. ಒಂದಿಷ್ಟು ನೀರುಗಿಡಗಳು, ಎಂಟು ಗಪ್ಪಿ ಮೀನುಗಳು, ಮೂಲೆಯಲ್ಲಿ ಗುಳುಗುಳು ಎನ್ನುವ ಒಂದು ಸ್ಪಂಜಿನ ಫಿಲ್ಟರು. ಹಬ್ಬಕ್ಕೆ ಮನೆ ತೊಳೆಯುವ ಉಮೇದಿನಲ್ಲಿ ನಾನು ಆ ಸ್ಪಂಜನ್ನೂ ಬಚ್ಚಲಿಗೆ ಒಯ್ದು, ನಲ್ಲಿಯ ಕ್ಲೋರಿನ್ ನೀರಿಗೆ ಹಿಡಿದು ಹಿಂಡಿ ಹಿಂಡಿ ತೊಳೆದೆ. ನಾಲ್ಕನೆಯ ದಿನ ಐದು ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಅಜ್ಜಾ, ನೀನು ತೊಳೆದದ್ದಕ್ಕೇ ಸತ್ತವಾ?" ಎಂದಳು ಮೊಮ್ಮಗಳು. ನಾನು ಮಾತಾಡಲಿಲ್ಲ.

ಅಂಗಡಿಯವರು, "ಮೇಷ್ಟ್ರೇ, ಸ್ಪಂಜು ಬಿಡಿ, ದೊಡ್ಡ ಮೋಟಾರಿನದ್ದೇ ಹಾಕಿ" ಎಂದರು. ದುಡ್ಡು ಕೊಡುವ ಮೊದಲು, ಜೀವಮಾನವೆಲ್ಲ ರಸಾಯನಶಾಸ್ತ್ರ ಪಾಠ ಹೇಳಿದ ಚಾಳಿಯಿಂದ, ಈ ತೊಟ್ಟಿಗಳ ಪೂರ್ವೋತ್ತರವನ್ನು ಓದತೊಡಗಿದೆ. ಅಲ್ಲಿ ಸಿಕ್ಕವರು ತಂದೆ ಮಗ ಇಬ್ಬರು; ಇಬ್ಬರ ಹೆಸರೂ ರಾಬರ್ಟ್ ವಾರಿಂಗ್ಟನ್, ಇಬ್ಬರೂ ನನ್ನದೇ ಶಾಸ್ತ್ರದವರು.

ತಂದೆ ಲಂಡನ್ನಿನ ಔಷಧಕಾರರ ಸಂಘದಲ್ಲಿ ಕೆಲಸಕ್ಕಿದ್ದವರು. 1849ರಲ್ಲಿ ಅವರು 12 ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ನೀರು ತುಂಬಿ, ಎರಡು ಗೋಲ್ಡ್‌ಫಿಶ್ ಬಿಟ್ಟು, ವ್ಯಾಲಿಸ್ನೇರಿಯಾ ಎಂಬ ನೀರುಗಿಡ ನೆಟ್ಟರು. ಫಿಲ್ಟರಿಲ್ಲ, ಮೋಟಾರಿಲ್ಲ, ಮನೆಗಳಿಗೆ ವಿದ್ಯುತ್ತೇ ಬಾರದಿದ್ದ ಕಾಲ. ಮೀನು ಬಿಟ್ಟ ಇಂಗಾಲಾಮ್ಲವನ್ನು ಗಿಡ ಹೀರುವುದು, ಗಿಡ ಬಿಟ್ಟ ಆಮ್ಲಜನಕವನ್ನು ಮೀನು ಉಸಿರಾಡುವುದು, ಇದು ಅವರ ಲೆಕ್ಕ. ಆದರೆ ಹಳೆಯ ಎಲೆಗಳು ಕೊಳೆತು ನೀರು ಕದಡಿತು. ಆಗ ಕೊಳದ ಬಸವನಹುಳುಗಳನ್ನು ತಂದು ಬಿಟ್ಟರು. ಅವು ಕೊಳೆಯನ್ನು ತಿಂದವು. ಅವುಗಳ ಮೊಟ್ಟೆಗಳು ಮೀನಿಗೆ ಆಹಾರವಾದವು. ನೀರು ತಿಳಿಯಾಯಿತು. 1850ರಲ್ಲಿ ಕೆಮಿಕಲ್ ಸೊಸೈಟಿಯ ಪತ್ರಿಕೆ ಇದನ್ನು ಅಚ್ಚು ಮಾಡಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಅವರ ಪುಸ್ತಕ 'ದಿ ಅಕ್ವೇರಿಯಂ' ಬಂದ ಮೇಲಂತೂ ಗಾಜಿನ ತೊಟ್ಟಿ ಇಂಗ್ಲೆಂಡಿನ ಮನೆಮನೆಯ ಹುಚ್ಚಾಯಿತು.

ಆದರೆ ತಂದೆಯ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿತ್ತು: ಅಮೋನಿಯಾ. ಮೀನು ಅದನ್ನು ಬಿಡುತ್ತಲೇ ಇರುತ್ತದೆ, ಹೆಚ್ಚಾದರೆ ಅದರಿಂದಲೇ ಸಾಯುತ್ತದೆ. ಗಿಡಗಳು ಹೀರಿ ಉಳಿದದ್ದು ಎಲ್ಲಿ ಹೋಗುತ್ತದೆ?

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಚರಂಡಿ ನೀರನ್ನು ಮರಳಿನ ಮೂಲಕ ನಿಧಾನವಾಗಿ ಇಳಿಸಿದರು. ಕೆಲವು ವಾರಗಳಲ್ಲಿ ಅಮೋನಿಯಾ ನೈಟ್ರೇಟ್ ಆಗತೊಡಗಿತು. ಕ್ಲೋರೋಫಾರಂ ಹಾಯಿಸಿದರೆ ಕೆಲಸ ನಿಂತೇಹೋಯಿತು. ಅಂದರೆ ಮಾಡುತ್ತಿದ್ದದ್ದು ಮರಳಲ್ಲ, ಮರಳಿನಲ್ಲಿದ್ದ ಜೀವಿಗಳು. ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಹೊಲದ ಮಣ್ಣು ಹಿಡಿದು ಕೂತಿದ್ದ ಮಗ ವಾರಿಂಗ್ಟನ್ ಆ ಎಳೆಯನ್ನೇ ಹಿಡಿದು ವರ್ಷಗಟ್ಟಲೆ ದುಡಿದರು. ಒಂದು ಬಗೆಯ ಜೀವಿ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ ಎಂದು ತೋರಿಸಿದರು. ಅವುಗಳನ್ನು ಶುದ್ಧವಾಗಿ ಬೇರ್ಪಡಿಸುವ ಕೀರ್ತಿ ಮಾತ್ರ 1890ರಲ್ಲಿ ವಿನೋಗ್ರಾಡ್‌ಸ್ಕಿಯವರ ಪಾಲಾಯಿತು. ಅಪ್ಪನ ತೊಟ್ಟಿಯ ಬಾಕಿ ಲೆಕ್ಕ ಮಗನ ಮಣ್ಣಿನಲ್ಲಿ ತೀರಿತು.

ನನ್ನ ಸ್ಪಂಜಿನ ಜಿಗುಟು ಕಂದು ಕೊಳೆಯಲ್ಲಿ ಇದ್ದವರೂ ಇಂಥ ಕೆಲಸಗಾರರೇ. ಫ್ರಾನ್ಸಿನವರು ಕ್ಲೋರೋಫಾರಂ ಹಾಯಿಸಿದಂತೆ ನಾನು ಕ್ಲೋರಿನ್ ಹಾಯಿಸಿದ್ದೆ! ಅವರು ತಿಳಿಯಲೆಂದು ಮಾಡಿದರು, ನಾನು ತಿಳಿಯದೆ ಮಾಡಿದೆ.

ಹಾಗಾಗಿ ದೊಡ್ಡ ಮೋಟಾರು ಕೊಳ್ಳಲಿಲ್ಲ. ಚಿಕ್ಕ ತೊಟ್ಟಿಯಲ್ಲಿ ಅದರ ಸೆಳೆತಕ್ಕೆ ಗಿಡಗಳ ಬೇರು ಸಡಿಲವಾಗುತ್ತದೆ, ಮರಿಮೀನುಗಳು ಒಳಗೆ ಎಳೆದುಕೊಂಡು ಹೋಗುತ್ತವೆ, ನೀರಿನ ಮೇಲ್ಮೈ ವಿಪರೀತ ಕಲಕಿದರೆ ಗಿಡಕ್ಕೆ ಬೇಕಾದ ಇಂಗಾಲಾಮ್ಲವೂ ಹಾರಿಹೋಗುತ್ತದೆ. ಗಿಡಗಳೇ ಅರ್ಧ ಕೆಲಸ ಮಾಡುವಾಗ ಫಿಲ್ಟರಿನಿಂದ ಬೇಕಾದದ್ದು ರಭಸವಲ್ಲ, ಆ ಜೀವಿಗಳಿಗೊಂದು ಮನೆ. ಸ್ಪಂಜೇ ಸಾಕು.

ಈಗ ತಿಂಗಳಿಗೊಮ್ಮೆ ತೊಟ್ಟಿಯದೇ ನೀರನ್ನು ಬಕೆಟ್ಟಿಗೆ ತೆಗೆದು, ಅದರಲ್ಲಿ ಸ್ಪಂಜನ್ನು ಎರಡು ಸಲ ಮೆತ್ತಗೆ ಅದ್ದಿ ತೆಗೆಯುತ್ತೇನೆ. ಬಕೆಟ್ ಹಿಡಿಯುವವಳು ಮೊಮ್ಮಗಳು. ಅವಳ ಪ್ರಶ್ನೆಗೆ ತಡವಾಗಿಯಾದರೂ ಉತ್ತರ ಕೊಟ್ಟಿದ್ದೇನೆ: "ಹೌದು ಮಗಾ, ನಾನು ತೊಳೆದದ್ದಕ್ಕೇ."