ಲೆಕ್ಕಕ್ಕೆ ಸಿಗದ ಪ್ರಾರ್ಥನೆ

ಕೊತ್ತಗೆರೆಯ ನಮ್ಮ ಮನೆಯಲ್ಲಿ ಅಜ್ಜಿ ಬೆಳಗಿನ ಜಾವವೇ ಎದ್ದು ಅಡುಗೆಮನೆಯ ಮೂಲೆಯಲ್ಲಿ ಮೊಣಕಾಲೂರುತ್ತಾಳೆ. ದೀಪ ಹಾಕುವುದಿಲ್ಲ. ತುಟಿ ಅಲುಗುತ್ತದೆ, ಮಾತು ಕೇಳಿಸುವುದಿಲ್ಲ. ಜಮೀನಿನ ಜಗಳದಲ್ಲಿ ಮನೆಬಿಟ್ಟು ಹೋದ ದೊಡ್ಡ ಮಾವನಿಗಾಗಿ ಅವಳು ಹನ್ನೊಂದು ವರ್ಷದಿಂದ ಬೇಡುತ್ತಿದ್ದಾಳೆ. ಮಾವ ಇನ್ನೂ ಬಂದಿಲ್ಲ.

ಹಳೇ ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್ ನನ್ನ ಪಿಎಚ್.ಡಿ. ವಿಷಯ. ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಟಿಪ್ಪಣಿಗಳನ್ನೆಲ್ಲ ನಡುಮನೆಯಲ್ಲಿ ಹರವಿಕೊಂಡು ಕೂತಿದ್ದೆ. ಯಾವ ಊರಲ್ಲಿ ಯಾವಾಗ ಕೆಲಸ ಶುರುವಾಯಿತು, ಎಷ್ಟು ಶಾಲೆ, ಎಷ್ಟು ಮಕ್ಕಳು, ಎಷ್ಟು ಜನಕ್ಕೆ ದೀಕ್ಷಾಸ್ನಾನ, ಚಂದಾ ಎಷ್ಟು ಎಂದು ಒಂದು ಕೋಷ್ಟಕ ಮಾಡಿದ್ದೆ. ಅಜ್ಜಿ ಕಾಫಿ ತಂದಿಟ್ಟು, ಏನಿದು ಎಂದಳು. ಹಿಂದಿನವರು ಹೇಗೆ ಸಭೆ ಕಟ್ಟಿದರು, ಹೇಗೆ ಪ್ರಾರ್ಥನೆ ಮಾಡಿದರು ಅಂತ ಬರೀತಿದ್ದೀನಿ ಎಂದೆ. "ಅಲ್ಲ ಕಣವ್ವ, ಬೇರೆಯೋರು ಪ್ರಾರ್ಥನೆ ಮಾಡಿದ್ದನ್ನ ಬರ್ಕೊಂತಾ ಕುಂತಿದೀಯಲ್ಲ, ನೀನ್ ಯಾವಾಗ್ ಮಾಡ್ತೀಯ?" ಎಂದು ಕೇಳಿ ಒಳಗೆ ಹೋದಳು.

ನನ್ನಲ್ಲಿ ಉತ್ತರವಿರಲಿಲ್ಲ. ಊಟದ ಮುಂಚಿನ ಎರಡು ಸಾಲನ್ನು ಬಿಟ್ಟರೆ ನಾನು ಪ್ರಾರ್ಥಿಸಿ ಬಹಳ ದಿನವಾಗಿತ್ತು. ಪಕ್ಕದ ಗುಬ್ಬಿ ತಾಲ್ಲೂಕಿನ ಚರಿತ್ರೆಯಲ್ಲಿ ಬರುವ ಒಬ್ಬ ಮನುಷ್ಯನನ್ನು ನಾನು ಮತ್ತೆ ಓದಲು ತೊಡಗಿದ್ದು ಆ ಪ್ರಶ್ನೆಯಿಂದಲೇ.

1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಗೆ ಹೋಯಿತು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದರು. ಆ ಕಾಲದಲ್ಲಿ, 1837ರಲ್ಲಿ, ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಕೆಲಸ ಆರಂಭಿಸಿದರು. ಗುಬ್ಬಿ ಅಡಿಕೆ, ಕೊಬ್ಬರಿ ವ್ಯಾಪಾರದ ಪೇಟೆ. ವೀರಶೈವ ಕವಿ ಗುಬ್ಬಿಯ ಮಲ್ಲಣಾರ್ಯನ ಊರು. ಭಕ್ತಿ ಎಂದರೇನೆಂದು ಆ ಜನರಿಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿಗೆ 1839ರಲ್ಲಿ ಐರ್ಲೆಂಡಿನ ಆಂಟ್ರಿಂ ಸೀಮೆಯವನಾದ ವಿಲಿಯಂ ಆರ್ಥರ್ ಬಂದ. ಆಗ ಅವನಿಗೆ ಇಪ್ಪತ್ತು ವರ್ಷ. ಕನ್ನಡ ಕಲಿತ, ಜನರೊಡನೆ ಮಾತಾಡಿದ, ವಾದಿಸಿದ. ಎರಡೇ ವರ್ಷದಲ್ಲಿ ಆರೋಗ್ಯ ಕೆಟ್ಟಿತು. ಕಣ್ಣಿನ ತೊಂದರೆಯೂ ಕಾಡಿತು. 1841ರಲ್ಲಿ ವಾಪಸು ಹೋದ.

ನನ್ನ ಕೋಷ್ಟಕದಲ್ಲಿ ಇಟ್ಟು ನೋಡಿದರೆ ಅವನದು ಸೋತ ಸಾಲು. ಎರಡು ವರ್ಷ, ಕೈಗೆ ಹತ್ತಿದ ಫಲ ತೀರಾ ಕಡಿಮೆ. ಆದರೆ ಅವನ ಕಥೆ ಅಲ್ಲಿಗೆ ಮುಗಿಯಲಿಲ್ಲ. 1847ರಲ್ಲಿ ಅವನು ಮೈಸೂರು ಸೀಮೆಯ ಅನುಭವಗಳ ಪುಸ್ತಕ ಬರೆದ. 1851ರಿಂದ ಹದಿನೇಳು ವರ್ಷ ವೆಸ್ಲಿಯನ್ ಮಿಷನರಿ ಸೊಸೈಟಿಯ ಕಾರ್ಯದರ್ಶಿಗಳಲ್ಲಿ ಒಬ್ಬನಾಗಿದ್ದ. ಹಣ, ಆಳು, ವರದಿ, ಅಂಕಿಅಂಶ ಎಲ್ಲವೂ ಹಾದುಹೋಗುವ ಮೇಜು ಅದು. ಆ ಮೇಜಿನ ಮುಂದೆ ಕೂತಿದ್ದವನು 1856ರಲ್ಲಿ 'ದ ಟಂಗ್ ಆಫ್ ಫೈರ್' ಎಂಬ ಪುಸ್ತಕ ಪ್ರಕಟಿಸಿದ. ಹೆಸರು 'ಬೆಂಕಿಯ ನಾಲಿಗೆ' ಎಂದಾಗುತ್ತದೆ. ಇದು ಮತ್ತೆ ಮತ್ತೆ ಅಚ್ಚಾಗಿ ಬೇರೆ ಬೇರೆ ದೇಶಗಳಲ್ಲಿ ಓದಿಸಿಕೊಂಡಿತು.

ಅದರಲ್ಲೊಂದು ಹೋಲಿಕೆ ಇದೆ. ಕಲ್ಲಿನ ಕೋಟೆಯ ಮುಂದೆ ಒಂದು ಸೈನ್ಯ ನಿಂತಿದೆ. ಫಿರಂಗಿ ಇದೆ, ಗುಂಡಿದೆ, ಮದ್ದಿದೆ. ಮದ್ದನ್ನು ಮುಟ್ಟಿದರೆ ತಣ್ಣಗಿದೆ. ಮಗುವೂ ಅದರೊಡನೆ ಆಡಬಹುದು. ಕಿಡಿಯೊಂದು ತಾಕಿದರೆ ಮಾತ್ರ ಅದೇ ಮದ್ದು ಕೋಟೆಯನ್ನು ಅಲುಗಿಸುತ್ತದೆ. ಸಭೆಗೆ ಶಾಲೆ, ಪಂಡಿತರು, ಹಣ, ಬೋಧನೆ ಎಲ್ಲ ಇದ್ದೂ ಕಿಡಿ ಇಲ್ಲದಿದ್ದರೆ ಏನೂ ಆಗದು ಎಂಬುದು ಆರ್ಥರನ ವಾದ. ಆ ಕಿಡಿ ನಾವು ಮಾಡುವಂಥದ್ದಲ್ಲ, ಕಾದು ಬೇಡಿ ಪಡೆಯುವಂಥದ್ದು. ಅಪೊಸ್ತಲರ ಕೃತ್ಯಗಳಲ್ಲಿ ಸುಮಾರು 120 ಮಂದಿ ಹತ್ತು ದಿನ ಒಂದೇ ಮನಸ್ಸಿನಿಂದ ಪ್ರಾರ್ಥಿಸಿದರು. ಆ ಹತ್ತು ದಿನ ಅವರು ಹೊರಗೆ ಹೋಗಿ ಸಾರಲಿಲ್ಲ, ಕಟ್ಟಡ ಕಟ್ಟಲಿಲ್ಲ. ಇಂದಿನ ಲೆಕ್ಕದಲ್ಲಿ ಅದು ದಂಡವಾದ ಸಮಯ. ಪಂಚಾಶತ್ತಮ ದಿನ ಬಂದದ್ದು ಆ ದಂಡವಾದ ಸಮಯದ ಬೆನ್ನಿಗೇ.

ಗುಬ್ಬಿಯನ್ನು ಕಂಡ ಮೇಲೆ ಈ ಪುಸ್ತಕ ಬಂತು ಎಂಬುದನ್ನು ನಾನು ಸುಮ್ಮನೆ ದಾಟಿ ಹೋಗಲಾರೆ. ಭಾಷೆ ಕಲಿತರೆ ಸಾಲದು, ವಾದದಲ್ಲಿ ಗೆದ್ದರೆ ಸಾಲದು, ಸರ್ಕಾರ ನಮ್ಮ ಬಣ್ಣದವರದೇ ಆಗಿದ್ದರೂ ಸಾಲದು ಎಂಬುದನ್ನು ಅವನು ನಮ್ಮ ಸೀಮೆಯಲ್ಲಿ ಕಣ್ಣಾರೆ ನೋಡಿದ್ದ ಎಂದೇ ನಾನು ಓದುತ್ತೇನೆ.

ಪುಸ್ತಕ ಬಂದ ಮರುವರ್ಷ, 1857ರಲ್ಲಿ, ಅವನ ಆಂಟ್ರಿಂ ಸೀಮೆಯಲ್ಲೇ ಕೆಲ್ಸ್ ಎಂಬ ಹಳ್ಳಿಯ ಬಳಿ ನಾಲ್ವರು ಯುವಕರು ಒಂದು ಶಾಲಾಮನೆಯಲ್ಲಿ ವಾರಕ್ಕೊಮ್ಮೆ ಕೂಡಿ ಪ್ರಾರ್ಥಿಸತೊಡಗಿದರು. ಅವರಲ್ಲಿ ದೊಡ್ಡ ಬೋಧಕರು ಯಾರೂ ಇರಲಿಲ್ಲ. 1859ರ ಹೊತ್ತಿಗೆ ಅಲ್ಸ್ಟರ್ ಪ್ರಾಂತ್ಯವಿಡೀ ಉಜ್ಜೀವನ ಹಬ್ಬಿತು. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ, ಪುಣೆ ಸಮೀಪದ ಕೇಡಗಾಂವದಲ್ಲಿ ಮುಕ್ತಿ ಸದನ ಕಟ್ಟಿದರು. ಬರದಲ್ಲಿ ಅನಾಥರಾದ ಹೆಣ್ಣುಮಕ್ಕಳು, ವಿಧವೆಯರು ಅಲ್ಲಿದ್ದರು. 1905ರಲ್ಲಿ ಅವರು ದಿನವೂ ಗುಂಪುಗೂಡಿ ಪ್ರಾರ್ಥಿಸತೊಡಗಿದರು. ಅಲ್ಲಿ ಉಜ್ಜೀವನ ಬಂದಾಗ ಆ ಹುಡುಗಿಯರು ಅತ್ತರು, ದನಿಯೆತ್ತಿ ಎಲ್ಲರೂ ಒಟ್ಟಿಗೆ ಬೇಡಿದರು.

ಹಾಗಾದರೆ ಕೂಗಿದರೇ ಪ್ರಾರ್ಥನೆಯೇ? ಒಂದನೆಯ ಸಮುವೇಲದ ಹನ್ನಳನ್ನು ನೆನೆಯಿರಿ. ಅವಳ ತುಟಿ ಮಾತ್ರ ಅಲುಗುತ್ತಿತ್ತು, ದನಿ ಇರಲಿಲ್ಲ. ಯಾಜಕನಾದ ಏಲಿಯೇ ಅವಳು ಕುಡಿದಿದ್ದಾಳೆಂದು ತಿಳಿದ. ಮುಕ್ತಿಯ ಹುಡುಗಿಯರ ಅಳುವೂ ಹನ್ನಳ ಮೌನವೂ ಒಂದೇ ಕಡೆಯಿಂದ ಬಂದವು. ಇಬ್ಬರಿಗೂ ಬೇಡಿದ್ದು ಬೇಕೇ ಬೇಕಾಗಿತ್ತು, ಹೋಗಲು ಬೇರೆ ಬಾಗಿಲಿರಲಿಲ್ಲ. ಆಸೆಯ ತೀವ್ರತೆ ದನಿಯಲ್ಲಿ ಇರಲೂಬಹುದು, ಇಲ್ಲದಿರಲೂಬಹುದು. ಬಾಗಿಲು ಬಿಟ್ಟು ಕದಲದಿರುವುದರಲ್ಲಂತೂ ಇದ್ದೇ ಇರುತ್ತದೆ.

ನಮ್ಮ ಸಭೆಗಳು ಇವತ್ತು ನನ್ನ ಕೋಷ್ಟಕದಂತೆಯೇ ಆಗಿವೆ. ಕಮಿಟಿ ಸಭೆ ಎರಡು ನಿಮಿಷದ ಪ್ರಾರ್ಥನೆಯಿಂದ ಶುರುವಾಗುತ್ತದೆ, ಆಮೇಲೆ ಎರಡು ಗಂಟೆ ಲೆಕ್ಕಪತ್ರ. ಹಬ್ಬದ ದಿನ ಮೈಕು ಜೋರಾಗಿರುತ್ತದೆ. ವಿಜ್ಞಾಪನೆಯ ಪಟ್ಟಿಯನ್ನು ಓದಿ ಮುಗಿಸುತ್ತೇವೆ, ಪಟ್ಟಿಯಲ್ಲಿದ್ದ ರೋಗಿಯ ಮನೆಗೆ ಹೋಗುವುದಿಲ್ಲ. ಲೆಕ್ಕ ಬೇಡವೆನ್ನುತ್ತಿಲ್ಲ. ಶಾಲೆಗೂ ಆಸ್ಪತ್ರೆಗೂ ಲೆಕ್ಕ ಬೇಕು, ನನ್ನ ಪ್ರಬಂಧಕ್ಕೂ ಬೇಕು. ಆದರೆ ಬೇಡುವುದನ್ನು ಮರೆತ ಸಭೆ ತನ್ನ ಬಳಿ ಇರುವುದನ್ನು ಎಣಿಸುತ್ತಾ ಕೂರುತ್ತದೆ. ಎಣಿಸುವವರ ನಡುವೆ ಜಗಳ ಹುಟ್ಟಲು ಎಷ್ಟು ಹೊತ್ತು ಬೇಕು? ವಾರದಲ್ಲಿ ಒಂದು ಸಂಜೆ, ಕಾರ್ಯಸೂಚಿ ಇಲ್ಲದೆ, ಭಾಷಣಕಾರರಿಲ್ಲದೆ, ಹತ್ತು ಜನ ಕೂತು ಒಬ್ಬರ ಹೆಸರು ಹಿಡಿದು ಅಳಬಹುದಾದ ಜಾಗ ನಮ್ಮ ಎಷ್ಟು ಸಭೆಗಳಲ್ಲಿ ಉಳಿದಿದೆ?

ಹಾಡ್ಸನ್ 1877ರಲ್ಲಿ ಗುಬ್ಬಿ ಸೀಮೆಯ ವಿಶ್ವಾಸಿಯೊಬ್ಬನ ಜೀವನವನ್ನೇ 'ಓಲ್ಡ್ ಡೇನಿಯಲ್' ಎಂಬ ಪುಸ್ತಕ ಮಾಡಿದರು. ನಲವತ್ತು ವರ್ಷದ ಹಿಂದೆ ಆರಂಭಿಸಿದ ಕೆಲಸವನ್ನು ಹೇಳಲು ಹೊರಟ ಹಿರಿಯರಿಗೆ ಅಂಕಿಗಳಿಗಿಂತ ಒಬ್ಬ ಮುದುಕನ ಬದುಕು ಮುಖ್ಯವೆನಿಸಿತು. ನನಗೂ ಈಗ ಹಾಗೇ ಅನಿಸುತ್ತಿದೆ.

ಊರಿನಿಂದ ಹೊರಡುವ ದಿನ ಬೆಳಗಿನ ಜಾವ ನನಗೆ ಎಚ್ಚರವಾಯಿತು. ಅಡುಗೆಮನೆಗೆ ಹೋಗಿ ಅಜ್ಜಿಯ ಪಕ್ಕ ಮೊಣಕಾಲೂರಿದೆ. ಅವಳು ಕಣ್ಣು ತೆರೆಯದೆಯೇ ಸ್ವಲ್ಪ ಸರಿದು ಚಾಪೆಯಲ್ಲಿ ಜಾಗ ಬಿಟ್ಟಳು. ಹತ್ತಿರ ಕೂತಾಗ ಕೇಳಿಸಿತು: ಬೀದಿಯ ಮನೆಗಳನ್ನು ಒಂದೊಂದಾಗಿ ಹೇಳುತ್ತಿದ್ದಳು. ಅದರಲ್ಲಿ ಸಭೆಗೆ ಸೇರದವರ ಮನೆಗಳೇ ಹೆಚ್ಚು. ಬತ್ತಿಹೋದ ಬೋರ್‌ವೆಲ್ ಬಂತು, ಗಬ್ಬವಾದ ಹಸು ಬಂತು. ಕೊನೆಗೆ ದೊಡ್ಡ ಮಾವನ ಹೆಸರು ಬಂದಾಗ ದನಿ ನಿಂತಿತು, ಉಸಿರು ಮಾತ್ರ ಉಳಿಯಿತು. ನನಗೆ ಒಂದು ವಾಕ್ಯವೂ ತೋಚಲಿಲ್ಲ. ಆ ಹೆಸರನ್ನೇ ನಾನೂ ಹೇಳಿದೆ.