ಓಡಬೇಕಾದ ಶೋಧನೆ, ನಿಲ್ಲಬೇಕಾದ ಶೋಧನೆ: ಇವಾಗ್ರಿಯಸನ ಬರಹಗಳ ಒಂದು ಓದು

ಶೋಧನೆಯನ್ನು ಎದುರಿಸುವ ವಿಷಯದಲ್ಲಿ ಹೊಸ ಒಡಂಬಡಿಕೆಯ ಬೋಧನೆ ಒಂದೇ ಬಗೆಯದಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ (6:18) ಪೌಲನು ಜಾರತ್ವದಿಂದ ದೂರ ಓಡಬೇಕೆನ್ನುತ್ತಾನೆ. ಪೇತ್ರನ ಮೊದಲ ಪತ್ರಿಕೆ (5:9) ಸೈತಾನನ ಮುಂದೆ ಅಲುಗದೆ ನಿಲ್ಲಬೇಕೆನ್ನುತ್ತದೆ. ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು? ನಾಲ್ಕನೆಯ ಶತಮಾನದ ಸನ್ಯಾಸಿ, ಪೊಂತದ ಇವಾಗ್ರಿಯಸನ ಬದುಕನ್ನೂ ಬರಹವನ್ನೂ ಜೊತೆಗಿಟ್ಟು ಓದಿದರೆ ಇದಕ್ಕೊಂದು ಉತ್ತರ ಸಿಗುತ್ತದೆಂಬುದು ನನ್ನ ವಾದ.

ಶಿಷ್ಯ ಪಲ್ಲಾದಿಯಸನ ಪ್ರಕಾರ, ಕಾನ್‌ಸ್ಟಾಂಟಿನೋಪಲ್‌ನಲ್ಲಿ ಡೀಕನ್ ಆಗಿದ್ದ ಇವಾಗ್ರಿಯಸ್ ಉನ್ನತ ಅಧಿಕಾರಿಯೊಬ್ಬನ ಹೆಂಡತಿಯ ಮೋಹಕ್ಕೆ ಸಿಕ್ಕಿದ. ಊರು ಬಿಡುವುದಾಗಿ ಕನಸಿನಲ್ಲಿ ಸುವಾರ್ತೆಯ ಮೇಲೆ ಆಣೆಯಿಟ್ಟವನು ಎಚ್ಚರವಾದ ಮೇಲೆ ಹಡಗು ಹತ್ತಿ ಜೆರೂಸಲೇಮಿಗೆ ಹೋದ. ಅಲ್ಲಿ ಮನಸ್ಸು ಮತ್ತೆ ಚಂಚಲವಾಯಿತು. ದೀರ್ಘ ಕಾಯಿಲೆಯಲ್ಲಿ ಅಲ್ಲಿನ ಸನ್ಯಾಸಿನಿ ಮೆಲಾನಿಯಾಳ ಮುಂದೆ ಎಲ್ಲವನ್ನೂ ತೋಡಿಕೊಂಡ ಬಳಿಕವೇ ಈಜಿಪ್ಟಿನ ಮರುಭೂಮಿಯ ನಿತ್ರಿಯಾಕ್ಕೆ, ಮುಂದೆ ಕೆಲ್ಲಿಯಾಕ್ಕೆ ಹೋಗಿ, 399ರಲ್ಲಿ ಸಾಯುವವರೆಗೆ ಅಲ್ಲೇ ಉಳಿದ.

ಹೀಗೆ ಓಡಿ ಪಾರಾದವನೇ ‘ಪ್ರಾಕ್ಟಿಕೋಸ್’ ಕೃತಿಯ 28ನೇ ಅಧ್ಯಾಯದಲ್ಲಿ, ಶೋಧನೆಯ ಹೊತ್ತಿನಲ್ಲಿ ಎಂಥ ಒಪ್ಪುವ ನೆಪ ಸಿಕ್ಕರೂ ಗುಡಿಸಲು ಬಿಟ್ಟು ಹೊರಡಬಾರದೆಂದು ಬೋಧಿಸುತ್ತಾನೆ. ಇದು ವಿರೋಧಾಭಾಸದಂತೆ ಕಂಡರೂ ಅಲ್ಲ. ಕಾನ್‌ಸ್ಟಾಂಟಿನೋಪಲ್‌ನ ಮೋಹಕ್ಕೆ ಬೇಕಾಗಿದ್ದುದು ಅವನು ಅಲ್ಲೇ ಇರುವುದು; ಮರುಭೂಮಿಯ ಬೇಸರಕ್ಕೆ ಬೇಕಾದದ್ದು ಅವನು ಎದ್ದು ಹೋಗುವುದು. ಆಲೋಚನೆ ಯಾವ ಕಡೆಗೆ ಎಳೆಯುತ್ತಿದೆಯೆಂದು ತಿಳಿಯದೆ ಪ್ರತಿರೋಧದ ದಿಕ್ಕನ್ನು ನಿರ್ಧರಿಸಲಾಗದು.

ಆದ್ದರಿಂದಲೇ ಅವನ ಮೊದಲ ಕೆಲಸ ಗಮನಿಸುವುದು. ಎಂಟು ದುರಾಲೋಚನೆಗಳನ್ನು ಅವನು ಗುರುತಿಸುತ್ತಾನೆ: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಬೇಸರ, ಒಣಜಂಬ, ಗರ್ವ. ಇವು ಬರುವುದು ಬಿಡುವುದು ನಮ್ಮ ಕೈಯಲ್ಲಿಲ್ಲ. ಮನದಲ್ಲಿ ಅವನ್ನು ಉಳಿಸಿಕೊಳ್ಳುವುದು ಬಿಡುವುದು ನಮ್ಮದು ಎನ್ನುತ್ತಾನೆ. ಯಾವುದು ಯಾವ ಹೊತ್ತಿಗೆ ಬರುತ್ತದೆ, ಯಾವುದರ ಬೆನ್ನಿಗೆ ಯಾವುದು ಬರುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು (ಅಧ್ಯಾಯ 50).

ಅವನ ವಿವರಗಳು ಬೆರಗು ಹುಟ್ಟಿಸುತ್ತವೆ. ಉಪವಾಸಿಯ ಬಳಿ ಹೊಟ್ಟೆಬಾಕತನ ರುಚಿಯ ಆಸೆಯಾಗಿ ಬರುವುದಿಲ್ಲ, ಆರೋಗ್ಯದ ಭಯವಾಗಿ ಬರುತ್ತದೆ: ಯಕೃತ್ತು ಕೆಟ್ಟೀತು, ಕಾಯಿಲೆ ಹಿಡಿದೀತು, ಇಲ್ಲಿ ವೈದ್ಯರೂ ಇಲ್ಲ. ಹಣದಾಸೆ ಮುದಿತನ, ಬರಗಾಲ, ಪರರಲ್ಲಿ ಕೈಚಾಚುವ ನಾಚಿಕೆ ಇವನ್ನೆಲ್ಲ ಮುಂದಿಡುತ್ತದೆ. ಎರಡೂ ವಿವೇಕದ ದನಿಯಲ್ಲೇ ಮಾತಾಡುತ್ತವೆ. ಬೇಸರದ ದೆವ್ವ ನಡುಹಗಲಿನದು. ಹೊತ್ತು ಸರಿಯುವುದಿಲ್ಲ, ಸನ್ಯಾಸಿ ಕಿಟಕಿಯತ್ತ ನೋಡುತ್ತಾನೆ, ಯಾರಾದರೂ ಬರುತ್ತಾರೆಯೇ ಎಂದು ಕಾಯುತ್ತಾನೆ, ತನ್ನ ಜಾಗವನ್ನೂ ಕೈಕೆಲಸವನ್ನೂ ದ್ವೇಷಿಸತೊಡಗುತ್ತಾನೆ. ಇವಾಗ್ರಿಯಸನ ಚಿಂತನೆಯನ್ನು ಲ್ಯಾಟಿನ್ ಜಗತ್ತಿಗೆ ಒಯ್ದ ಕಾಸಿಯಾನ್ ಇದಕ್ಕೊಂದು ನೋವಿನ ಸತ್ಯ ಸೇರಿಸಿದ: ಆ ಹೊತ್ತಿನಲ್ಲಿ ರೋಗಿಗಳನ್ನು ನೋಡಿಬರಬೇಕೆಂಬ ಆಲೋಚನೆಯೂ ಬರುತ್ತದೆ. ಕ್ರೈಸ್ತ ಸೇವೆಯ ಉಡುಪಿನಲ್ಲೇ ಬರುವ ಇಂಥ ಶೋಧನೆಯ ಎದುರು ಬರೀ ಸಂಕಲ್ಪಬಲ ಸಾಲದು.

ಪ್ರತಿರೋಧಕ್ಕೆ ಮಾದರಿ ಅರಣ್ಯದಲ್ಲಿ ಯೇಸು ಧರ್ಮೋಪದೇಶಕಾಂಡದ ಮಾತುಗಳಿಂದ ಕೊಟ್ಟ ಉತ್ತರ (ಮತ್ತಾಯ 4). ಇವಾಗ್ರಿಯಸನ ‘ಆಂಟಿರೆಟಿಕೋಸ್’ ಕೃತಿ ಅದೇ ದಾರಿ ಹಿಡಿದು ಎಂಟು ಆಲೋಚನೆಗಳಿಗೂ ಶಾಸ್ತ್ರವಚನಗಳನ್ನು ಜೋಡಿಸುತ್ತದೆ. ಉತ್ತರ ಆಯಾ ಆಲೋಚನೆಗೇ ತಕ್ಕದ್ದಾಗಿರಬೇಕು. ಎಲ್ಲಕ್ಕೂ ಒಂದೇ ವಚನವಲ್ಲ.

ಆರನೆಯ ಶತಮಾನದ ಕೊನೆಗೆ ಪೋಪ್ ಗ್ರೆಗೊರಿ ಈ ಪಟ್ಟಿಯನ್ನು ಮಾರ್ಪಡಿಸಿದ: ಗರ್ವವೇ ಬೇರು, ಅದರಿಂದ ಏಳು ದುರ್ಗುಣಗಳು, ಬೇಸರಕ್ಕೆ ಪ್ರತ್ಯೇಕ ಸ್ಥಾನ ಉಳಿಯಲಿಲ್ಲ. ಸಭೆಗೆ ಕಲಿಸಲು ಅದು ಸುಲಭವಾಯಿತು, ನಿಜ. ಆದರೆ ಪಾಪಗಳ ಪಟ್ಟಿ ಹಿಡಿದು ಮನಸ್ಸನ್ನು ಪರೀಕ್ಷಿಸಿಕೊಳ್ಳುವವನು ಏನು ಮಾಡಿದೆನೆಂದು ಕೇಳಿಕೊಳ್ಳುತ್ತಾನೆ. ಇನ್ನೂ ಒಪ್ಪಿಗೆ ಪಡೆಯದ ಆಲೋಚನೆ ತನ್ನನ್ನು ಎಲ್ಲಿಗೆ ಕರೆಯುತ್ತಿದೆಯೆಂಬ ಪ್ರಶ್ನೆ ಅಲ್ಲಿ ಏಳುವುದು ಅಪರೂಪ. ಪೌಲನ ಮಾತನ್ನೂ ಪೇತ್ರನ ಮಾತನ್ನೂ ಒಟ್ಟಿಗೆ ಪಾಲಿಸಲು ಬೇಕಾದದ್ದು ಈ ಎರಡನೆಯ ಪ್ರಶ್ನೆಯೇ.