ಕ್ಲಾರಾ ವೀಕ್‌ಳ ಎ ಮೈನರ್ ಕನ್ಸರ್ಟೊ: ವಾದ್ಯವೃಂದವನ್ನು ಬರೆದವರು ಯಾರು?

ಕ್ಲಾರಾ ವೀಕ್ (ಮದುವೆಯ ನಂತರ ಕ್ಲಾರಾ ಶೂಮನ್) ರಚಿಸಿದ ಎ ಮೈನರ್ ಪಿಯಾನೋ ಕನ್ಸರ್ಟೊ, ಓಪಸ್ 7, ಮತ್ತೆ ವೇದಿಕೆಯ ಮೇಲೆ ಕೇಳಿಬರುತ್ತಿದೆ. ಅದರ ಬೆನ್ನಿಗೇ ಒಂದು ಹಳೆಯ ಮಾತೂ ಬರುತ್ತಿದೆ: ಪಿಯಾನೋ ಆಕೆಯದು, ವಾದ್ಯವೃಂದವೆಲ್ಲ ರಾಬರ್ಟ್ ಶೂಮನ್‌ನದು. ಕಛೇರಿಯ ಟಿಪ್ಪಣಿಗಳು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗುತ್ತವೆ. ಆಧಾರವೇನೆಂದು ಬೆನ್ನು ಹತ್ತಿ ಹೋದರೆ ಕೊನೆಗೆ ಸಿಗುವುದು ಕ್ಲಾರಾಳ ದಿನಚರಿಯಲ್ಲಿನ 1833ರ ನವೆಂಬರಿನ ಒಂದು ನಮೂದು. ನನ್ನ ಕನ್ಸರ್ಟೊ ಮುಗಿಯಿತು, ಕಛೇರಿಯಲ್ಲಿ ನುಡಿಸಲು ಅನುವಾಗುವಂತೆ ಶೂಮನ್ ಇನ್ನು ಅದಕ್ಕೆ ವಾದ್ಯಗಳನ್ನು ಹಂಚುತ್ತಾನೆ ಎಂಬುದು ಅದರ ತಾತ್ಪರ್ಯ. ನಮೂದು ಖೋಟಾ ಅಲ್ಲ, ಅದು ಹೇಳುವುದೂ ಸುಳ್ಳಲ್ಲ. ಅದನ್ನು ಎಲ್ಲಿಯವರೆಗೆ ಎಳೆದಿದ್ದಾರೆ ಎಂಬುದಷ್ಟೇ ನನ್ನ ತಕರಾರು.

ಮೊದಲು ತಾರೀಖು ನೋಡಬೇಕು. 1833ರ ನವೆಂಬರಿನಲ್ಲಿ ಹದಿನಾಲ್ಕು ವರ್ಷದ ಕ್ಲಾರಾಳ ಮೇಜಿನ ಮೇಲೆ ಮೂರು ಭಾಗಗಳ ಕನ್ಸರ್ಟೊ ಇರಲೇ ಇಲ್ಲ. ಇದ್ದದ್ದು ಬಿಡಿಯಾದ ಒಂದೇ ಭಾಗ, ಅದೇ ಮುಂದೆ ಕೃತಿಯ ಕೊನೆಯ ಭಾಗವಾಯಿತು. ಮೊದಲ ಎರಡು ಭಾಗಗಳನ್ನು ಆಕೆ ಸೇರಿಸಿದ್ದು ಆಮೇಲೆ. ಇಡೀ ಕೃತಿ ಮೊದಲು ಕೇಳಿಸಿದ್ದು 1835ರ ನವೆಂಬರ್ 9ರಂದು, ಲೈಪ್‌ಜಿಗ್‌ನ ಗೆವಾಂಡ್‌ಹೌಸ್‌ನಲ್ಲಿ. ವಾದ್ಯವೃಂದದ ಮುಂದೆ ಮೆಂಡೆಲ್ಸನ್, ಪಿಯಾನೋದಲ್ಲಿ ಸ್ವತಃ ಕ್ಲಾರಾ. ಹುಟ್ಟಿಯೇ ಇರದ ಎರಡು ಭಾಗಗಳ ಕರ್ತೃತ್ವವನ್ನು ಎರಡು ವರ್ಷ ಹಿಂದಿನ ನಮೂದೊಂದು ತೀರ್ಮಾನಿಸುವುದು ಹೇಗೆ? ಈ ಮಾತನ್ನು ಉದ್ಧರಿಸುವವರಲ್ಲಿ ಅನೇಕರು ತಾರೀಖನ್ನು ಮಾತ್ರ ಜೊತೆಗೆ ಕೊಡುವುದಿಲ್ಲ. ಕೊಟ್ಟರೆ ವಾದ ಅಲ್ಲಿಗೇ ಮುಗಿಯುತ್ತದೆ.

ಇನ್ನು ದಿನಚರಿ. ಅದನ್ನು 1827ರಲ್ಲಿ ಶುರುಮಾಡಿದವನು ತಂದೆ ಫ್ರೀಡ್ರಿಷ್ ವೀಕ್. ಮಗಳ ಹೆಸರಿನಲ್ಲಿ, ಮಗಳೇ ಮಾತಾಡುತ್ತಿರುವಂತೆ ವರ್ಷಗಟ್ಟಲೆ ಅದನ್ನು ಬರೆದವನೂ, ಬರೆಸಿದವನೂ ಆತನೇ. ಮಗಳ ಕಛೇರಿಗಳೆಂದರೆ ಆತನಿಗೆ ಪಾಠಶಾಲೆಯ ಹೆಮ್ಮೆಯೂ ಹೌದು, ವ್ಯವಹಾರವೂ ಹೌದು. ಹಾಗಾಗಿ ನವೆಂಬರಿನ ಈ ನಮೂದನ್ನು ಮುಂದಿನ ಕಛೇರಿಗೆ ಸರಕು ಸಿದ್ಧವಾಗುತ್ತಿದೆ ಎಂಬ ಲೆಕ್ಕವಾಗಿ ಓದಿದರೆ ಅದು ಸಹಜವಾಗಿ ಕೂರುತ್ತದೆ. ‘ನನ್ನ ಕೈಯಲ್ಲಿ ಆಗದು’ ಎಂದು ರಚನಕಾರ್ತಿಯೊಬ್ಬಳು ಒಪ್ಪಿಕೊಂಡದ್ದಾಗಿ ಓದಿದರೆ ಕೂರುವುದಿಲ್ಲ. (ಲಿಟ್ಸ್‌ಮನ್ ಬರೆದ ಕ್ಲಾರಾಳ ಜೀವನಚರಿತ್ರೆಯ ಮೊದಲ ಸಂಪುಟ ಬಂದದ್ದು 1902ರಲ್ಲಿ. ದಿನಚರಿಗಳನ್ನೂ ಪತ್ರಗಳನ್ನೂ ಓದುಗರ ಮುಂದಿಟ್ಟ ಅವರ ಋಣ ದೊಡ್ಡದು. ಆದರೆ ಆ ‘ನಾನು’ವಿನ ಹಿಂದೆ ತಂದೆ ನಿಂತಿದ್ದಾನೆಂಬುದನ್ನು ಮನದಟ್ಟು ಮಾಡಿಸಲು 1985ರಲ್ಲಿ ಮತ್ತೊಬ್ಬ ಜೀವನಚರಿತ್ರೆಕಾರ್ತಿ ನ್ಯಾನ್ಸಿ ರೈಕ್ ಬರಬೇಕಾಯಿತು. ಅದಾದ ಮೇಲೂ ಹಳೆಯ ಪಾಠವನ್ನೇ ಒಪ್ಪಿಸುವವರಿಗೆ ನೆಪ ಉಳಿದಿಲ್ಲ.)

ಇಷ್ಟಾಗಿಯೂ ಕಡೆಗಣನೆಗೆ ಒಳಗಾದ ಆಧಾರ ಬೇರೆಯೇ ಇದೆ: 1835ರ ಸೆಪ್ಟೆಂಬರ್ ಆರಂಭದಲ್ಲಿ ಕ್ಲಾರಾ ಬರೆದ ಒಂದು ಪತ್ರ. ಕನ್ಸರ್ಟೊಗೆ ವಾದ್ಯ ಹಂಚಲು ತೊಡಗಿದ್ದೇನೆ, ವಾದಕರಿಗೆ ಬೇಕಾದ ಪ್ರತಿಗಳನ್ನು ಇನ್ನೂ ಎತ್ತಿಲ್ಲ, ತುತ್ತಿಯನ್ನು (ಇಡೀ ಮೇಳ ಒಟ್ಟಾಗಿ ನುಡಿಸುವ ಭಾಗವನ್ನು) ಸ್ವಲ್ಪ ಬದಲಿಸಿದ್ದೇನೆ ಎಂದು ಆಕೆ ಅಲ್ಲಿ ತಿಳಿಸುತ್ತಾಳೆ. ಇದು ಹುಡುಗಾಟದ ಪತ್ರ, ಇದರ ಮೇಲೆ ಭಾರ ಹೊರಿಸಲಾಗದು ಎಂಬ ಆಕ್ಷೇಪವುಂಟು. ಪತ್ರದ ಧಾಟಿ ಚೇಷ್ಟೆಯದೇ, ನಿಜ. ಆದರೆ ಅದು ಯಾರಿಗೆ ಬರೆದದ್ದು? ರಾಬರ್ಟ್ ಶೂಮನ್‌ಗೆ. ವಾದ್ಯವೃಂದವನ್ನೆಲ್ಲ ಬರೆದುಕೊಟ್ಟವನಿಗೇ ‘ಅದನ್ನು ನಾನು ಬರೆಯುತ್ತಿದ್ದೇನೆ’ ಎಂದು ಯಾವ ಹುಡುಗಾಟದಲ್ಲೂ ಯಾರೂ ಬರೆಯುವುದಿಲ್ಲ. ಮೇಲಾಗಿ, ನಮೂದಿಗೂ ಪತ್ರಕ್ಕೂ ನಡುವೆ, 1834ರಲ್ಲಿ, ಆಕೆ ಡ್ರೆಸ್ಡೆನ್‌ನಲ್ಲಿ ರೈಸಿಗರ್ ಬಳಿ ವಾದ್ಯಸಂಯೋಜನೆಯ ಪಾಠ ಹೇಳಿಸಿಕೊಂಡಿದ್ದಳು. 1833ರಲ್ಲಿ ನೆರವು ಬೇಕಾಗಿದ್ದವಳು 1835ರಲ್ಲಿ ತಾನೇ ಕೈಹಾಕಿದ್ದರಲ್ಲಿ ಒಗಟೇನೂ ಇಲ್ಲ.

ಕೃತಿಯೂ ಇದನ್ನೇ ಹೇಳುತ್ತದೆ. ಮೊದಲ ಭಾಗ ಮುಕ್ತಾಯದ ಸ್ವರಕ್ಕೆ ಬಂದು ನಿಲ್ಲದೆ ಎ ಫ್ಲಾಟ್ ಮೇಜರ್‌ನ ರೊಮಾನ್ಸೆಗೆ ಹಾಗೆಯೇ ಹಾಯುತ್ತದೆ. ಅಲ್ಲಿ ವಾದ್ಯವೃಂದ ಮೌನ. ಪಿಯಾನೋ ಒಂಟಿಯಾಗಿ ಹಾಡಿಕೊಳ್ಳುತ್ತದೆ, ಆಮೇಲೆ ಒಂದೇ ಒಂದು ಚೆಲೋ ಜೊತೆಗೂಡುತ್ತದೆ, ಕೊನೆಗೆ ಟಿಂಪನಿಯ ಮೆಲ್ಲನೆಯ ಗುಡುಗು. ಇಷ್ಟೇ. ಹಂಚಲು ವಾದ್ಯಗಳೇ ಇಲ್ಲದ ಕಡೆ ಶೂಮನ್ ಹಂಚಿದ್ದಾದರೂ ಏನು? ಇಡೀ ಮೇಳವನ್ನು ಎದುರಿಗೆ ಕೂರಿಸಿಕೊಂಡು ಅದನ್ನು ಸುಮ್ಮನಿರಿಸುವುದು ವಾದ್ಯಸಂಯೋಜನೆಯ ನಿರ್ಧಾರವೇ, ಅದೂ ಸಣ್ಣ ನಿರ್ಧಾರವಲ್ಲ. ಇದನ್ನು ಎಳೆಯ ಕೈಯ ಅಳುಕು ಎನ್ನುವವರು ಬ್ರಾಮ್ಸ್‌ನ ಎರಡನೆಯ ಕನ್ಸರ್ಟೊದ ನಿಧಾನ ಭಾಗದಲ್ಲಿ ಚೆಲೋ ಮುಂದೆ ಬಂದಾಗ ಅದನ್ನು ಪ್ರೌಢಿಮೆ ಎನ್ನುತ್ತಾರೆ.

ಕೊನೆಯ ಭಾಗದಲ್ಲಿ ಶೂಮನ್ ಕೈಯಿದೆ ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಆಗಿನ ಶೂಮನ್ ಇಪ್ಪತ್ತಮೂರರ ತರುಣ. ಜಿ ಮೈನರ್ ಸಿಂಫನಿಗೆ ಕೈಹಾಕಿ ಅದನ್ನು ಪೂರ್ತಿ ಮಾಡದೆ ಬಿಟ್ಟವನು. ಗುರು ಶಿಷ್ಯೆಯ ಕೊರತೆ ತುಂಬಿದ ಎಂಬ ಚಿತ್ರ ಇಲ್ಲಿಗೆ ಒಪ್ಪುವುದಿಲ್ಲ, ಇಬ್ಬರೂ ಕಲಿಯುತ್ತಿದ್ದವರೇ. ಶೋಪಾನ್‌ನ ಕನ್ಸರ್ಟೊಗಳ ವಾದ್ಯವೃಂದ ತೆಳುವೆಂದು ವಿಮರ್ಶಕರು ಎಷ್ಟೋ ಕಾಲದಿಂದ ದೂರುತ್ತ ಬಂದಿದ್ದಾರೆ, ಆದರೂ ಆ ಕೃತಿಗಳು ಅವನವೇ ಎಂಬುದಕ್ಕೆ ಚ್ಯುತಿ ಬಂದಿಲ್ಲ. ಕ್ಲಾರಾಳ ವಿಷಯಕ್ಕೆ ಬಂದಾಗ ಅಳತೆಗೋಲು ಬದಲಾಗುತ್ತದೆ. ಕೃತಿ ಅಚ್ಚಾದಾಗ ಶೂಮನ್‌ನದೇ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದವನು ಬೆಕರ್; ಇದು ಮಹಿಳೆಯೊಬ್ಬಳ ಕೃತಿಯಾದ್ದರಿಂದ ವಿಮರ್ಶೆಯ ಮಾತೇ ಬರುವುದಿಲ್ಲ ಎಂಬರ್ಥದ ಮಾತಿನಲ್ಲಿ ಜಾರಿಕೊಂಡ. ಹೋಫ್‌ಮೈಸ್ಟರ್ ಹೊರತಂದದ್ದು ವಾದಕರ ಬಿಡಿ ಪ್ರತಿಗಳನ್ನು. ಯಾನಿನಾ ಕ್ಲಾಸೆನ್ ಸಂಪಾದಿಸಿದ ಪೂರ್ಣ ಸ್ವರಲಿಪಿ ಬೆಳಕು ಕಂಡದ್ದು 1990ರಲ್ಲಿ. ಅಲ್ಲಿಯವರೆಗೆ ವಾದ್ಯವೃಂದದ ಗುಣದೋಷಗಳ ಬಗ್ಗೆ ತೀರ್ಪು ಕೊಟ್ಟವರಲ್ಲಿ ಎಷ್ಟು ಮಂದಿ ಆ ಬಿಡಿ ಪ್ರತಿಗಳನ್ನು ಒಟ್ಟಿಗಿಟ್ಟು ನೋಡಿದ್ದರೋ!

ಮತ್ತೆ ಆ ಪತ್ರದ ತುತ್ತಿ. ಬದಲಿಸಬೇಕಾದರೆ ಮೊದಲೇ ಒಂದು ಇರಬೇಕು. ಸೆಪ್ಟೆಂಬರಿನಲ್ಲಿ ಆಕೆ ಕನ್ಸರ್ಟೊಗೆ ವಾದ್ಯ ಹಂಚಲು ಆಗಷ್ಟೇ ತೊಡಗಿದ್ದಳು; ಅದಾಗಲೇ ವಾದ್ಯವೃಂದ ಸಮೇತ ಸಿದ್ಧವಿದ್ದದ್ದು ಕೊನೆಯ ಭಾಗ. ಆಕೆ ತನ್ನದೇ ಕರಡನ್ನು ತಿದ್ದಿರಬಹುದು ಎಂದು ವಾದಿಸಲು ಅವಕಾಶವುಂಟು. ಆದರೆ ಎರಡರಲ್ಲಿ ಹೆಚ್ಚು ಸಂಭಾವ್ಯವಾದದ್ದು, ಶೂಮನ್ ಹಂಚಿಕೊಟ್ಟದ್ದನ್ನು ಕ್ಲಾರಾ ತಿದ್ದಿದಳು, ತಿದ್ದಿದ್ದನ್ನು ಅವನಿಗೇ ತಿಳಿಸಿದಳು ಎಂಬುದು.